ಹೆಂಗಸರ ಮತ ಎಂಬುದೊಂದುಂಟೆ?

೨೦೨೪ರ ಜೂನ್ ನಾಲ್ಕರ ಸಂಜೆ ಭದ್ರಾವತಿಯ ನ್ಯೂ ಟೌನಿನ ಒಂದು ಸಣ್ಣ ಹೋಟೆಲಿನಲ್ಲಿ ನಾವು ನಾಲ್ಕಾರು ಮಂದಿ ಕಾಫಿ ಕುಡಿಯುತ್ತ ಕುಳಿತಿದ್ದೆವು. ಲೋಕಸಭಾ ಚುನಾವಣೆಯ ಎಣಿಕೆ ಮುಗಿದಿದ್ದಿತು. ಶಿವಮೊಗ್ಗ ಕ್ಷೇತ್ರದಲ್ಲಿ ಭಾರತೀಯ ಜನತಾ ಪಕ್ಷದ ಬಿ. ವೈ. ರಾಘವೇಂದ್ರ ಅವರು ಕಾಂಗ್ರೆಸ್ಸಿನ ಗೀತಾ ಶಿವರಾಜಕುಮಾರ್ ಅವರನ್ನು ೨,೪೩,೭೧೫ ಮತಗಳಿಂದ ಸೋಲಿಸಿದ್ದರು. ನಮ್ಮಲ್ಲಿ ಯಾರಿಗೂ ಅದು ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಆದರೆ ಎದುರಿಗೆ ಕುಳಿತಿದ್ದ ಮಿತ್ರರೊಬ್ಬರು, ನನ್ನ ಹಾಗೆಯೇ ಪಾಠ ಹೇಳಿ ಹೊಟ್ಟೆ ಹೊರೆಯುವವರು, ಲೋಟವನ್ನು ಮೇಜಿನ ಮೇಲೆ ಕುಕ್ಕಿ, “ಈ ಹೆಂಗಸರನ್ನು ನಂಬಬಾರದು ಸಾರ್. ತಿಂಗಳು ತಿಂಗಳು ಎರಡು ಸಾವಿರ ಎಣಿಸಿಕೊಂಡರು, ಬಸ್ಸಿನಲ್ಲಿ ಬಿಟ್ಟಿ ಓಡಾಡಿದರು. ನಿಂತವರೂ ಹೆಂಗಸೇ. ಆದರೂ ಓಟು ಹಾಕಲಿಲ್ಲ. ಉಂಡ ಮನೆಗೆ ಎರಡು ಬಗೆದರು” ಎಂದರು.

ಅವರ ಪಕ್ಕದಲ್ಲಿದ್ದವರು ಎದುರು ಪಕ್ಷದ ಅಭಿಮಾನಿಗಳು. ಅವರು ನಕ್ಕು, “ಹಿಂದಿನ ವರ್ಷ ವಿಧಾನಸಭೆಗೆ ಇದೇ ಹೆಂಗಸರೇ ಅಲ್ಲವೆ ಎರಡು ಸಾವಿರದ ಆಸೆಗೆ ಬಿದ್ದು ಸರಕಾರ ತಂದದ್ದು? ಈ ಸಲ ಮನೆಯಲ್ಲಿ ಗಂಡಂದಿರು ನಾಲ್ಕು ಬುದ್ಧಿ ಹೇಳಿದ್ದಾರೆ” ಎಂದರು.

ಹೀಗೆ ಎರಡು ಪಕ್ಷದವರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಗೆದ್ದದ್ದಕ್ಕೂ ಹೆಂಗಸರೇ ಕಾರಣ, ಸೋತದ್ದಕ್ಕೂ ಹೆಂಗಸರೇ ಕಾರಣ. ಒಂದು ಸಲ ದುರಾಸೆಯವರು, ಇನ್ನೊಂದು ಸಲ ದ್ರೋಹಿಗಳು. ಆ ದಿನದಿಂದ ಇಂದಿನವರೆಗೆ ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಟೆಲಿವಿಷನ್ನಿನ ಚರ್ಚೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಈಗ ಬರೆಯದೆ ಸುಮ್ಮನಿರುವುದು ಕಷ್ಟವಾಗಿದೆ. ನನ್ನ ವಾದ ಇಷ್ಟೆ: ಮತದಾರರು ಹೆಣ್ಣೋ ಗಂಡೋ ಎಂಬುದರಿಂದ ಅವರು ಯಾರಿಗೆ ಮತ ಕೊಟ್ಟರೆಂಬುದನ್ನು ವಿವರಿಸಲು ಬರುವುದಿಲ್ಲ. ‘ಹೆಂಗಸರ ಮತ’ ಎಂಬ ಒಂದು ಗಂಟನ್ನು ಕಟ್ಟಿದವರು ಹೆಂಗಸರಲ್ಲ. ಚುನಾವಣೆಯ ಲೆಕ್ಕ ಬರೆಯುವ ನಾವು, ಗಂಡಸರು.

ಮೊದಲು ಆ ಸಂಜೆಯ ಎರಡು ಮಾತುಗಳನ್ನೇ ಎದುರುಬದುರು ನಿಲ್ಲಿಸಿ ನೋಡೋಣ. ಹೆಂಗಸರು ಗಂಡಂದಿರು ಹೇಳಿದಂತೆ ಓಟು ಹಾಕುತ್ತಾರೆ ಎಂಬುದು ಒಂದು ಮಾತು. ಹೆಂಗಸರೆಲ್ಲ ಒಟ್ಟಾಗಿ ಒಂದು ಕಡೆಗೆ ಓಟು ಹಾಕುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ನಿಜವಾದರೆ ಗಂಡಸರ ಓಟು ಎಷ್ಟು ಪಾಲಾಗುತ್ತದೆಯೋ ಹೆಂಗಸರದೂ ಅಷ್ಟೇ ಪಾಲಾಗಬೇಕು. ಆಗ ‘ಹೆಂಗಸರ ಮತ’ವೆಂದು ಬೇರೆ ಹೇಳಲು ಏನೂ ಉಳಿಯುವುದಿಲ್ಲ. ಎರಡನೆಯದು ನಿಜವಾದರೆ ಅವರು ಗಂಡಂದಿರ ಮಾತು ಕೇಳುವವರಲ್ಲ. ಎರಡೂ ಒಟ್ಟಿಗೆ ನಿಜವಾಗಲಾರವು. ಆದರೆ ಎರಡನ್ನೂ ಒಬ್ಬನೇ ಮನುಷ್ಯ ಒಂದೇ ದಿನ, ಬೆಳಗ್ಗೆ ಒಂದು ಸಂಜೆ ಒಂದು, ಹೇಳಬಲ್ಲ. ತರ್ಕಶಾಸ್ತ್ರದವರು ಇದಕ್ಕೆ ಏನೆನ್ನುತ್ತಾರೋ ತಿಳಿಯದು. ನಮ್ಮ ಊರಿನಲ್ಲಿ ಬಾಯಿಗೆ ಬಂದಂತೆ ಮಾತನಾಡುವುದು ಎನ್ನುತ್ತಾರೆ.

ಇನ್ನು ಅಂಕಿಗಳನ್ನು ನೋಡೋಣ. ಆ ಚುನಾವಣೆಯಲ್ಲಿ ಗೆದ್ದವರಿಗೆ ಬಂದ ಮತ ೭,೭೮,೭೨೧. ಸೋತವರಿಗೆ ಬಂದದ್ದು ೫,೩೫,೦೦೬. ಉಳಿದವರದನ್ನೆಲ್ಲ ಸೇರಿಸಿದರೂ ಚಲಾವಣೆಯಾದದ್ದು ಹದಿನಾಲ್ಕು ಲಕ್ಷದ ಒಳಗೆ. ಇದರಲ್ಲಿ ಗಂಡಸರದು ಸರಿಸುಮಾರು ಅರ್ಧ, ಎಂದರೆ ಏಳು ಲಕ್ಷದ ಆಸುಪಾಸು. ಜಿಲ್ಲೆಯ ಗಂಡಸರೆಲ್ಲ, ಒಬ್ಬರೂ ಬಿಡದೆ, ರಾಘವೇಂದ್ರ ಅವರಿಗೇ ಹಾಕಿದರೆಂದು ಇಟ್ಟುಕೊಳ್ಳೋಣ. ಆಗಲೂ ಅವರ ಲೆಕ್ಕ ತುಂಬಬೇಕಾದರೆ ಹೆಂಗಸರ ಕಡೆಯಿಂದ ಮುಕ್ಕಾಲು ಲಕ್ಷದಷ್ಟಾದರೂ ಮತ ಬರಬೇಕು. ಗಂಡಸರೆಲ್ಲ ಹಾಗೆ ಹಾಕಿರುವುದು ಅಸಂಭವ. ಇತ್ತ ಸೋತವರ ಐದು ಲಕ್ಷದ ಮೂವತ್ತೈದು ಸಾವಿರವೂ ಆಕಾಶದಿಂದ ಉದುರಿದ್ದಲ್ಲ. ಅದರಲ್ಲಿ ಹೆಂಗಸರೂ ಉಂಟು, ಗಂಡಸರೂ ಉಂಟು. ಹೆಂಗಸರು ಎರಡು ಕಡೆಗೂ ಹಂಚಿಹೋದರು, ಗಂಡಸರು ಹಂಚಿಹೋದ ಹಾಗೆಯೇ. ಇಷ್ಟನ್ನು ಕಾಣಲು ಪಂಡಿತನಾಗಬೇಕಿಲ್ಲ, ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು.

ನಿಂತವರು ಹೆಂಗಸಾದರೆ ಹೆಂಗಸರು ಒಲಿಯುತ್ತಾರೆ ಎಂಬ ನಂಬಿಕೆಯನ್ನು ನಮ್ಮ ಸುತ್ತಮುತ್ತಲ ಉದಾಹರಣೆಗಳಿಂದಲೇ ಪರೀಕ್ಷಿಸಬಹುದು. ೨೦೨೩ರ ಮೇ ಹತ್ತರಂದು ಅಕ್ಕಪಕ್ಕದ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೇ ಪಕ್ಷದಿಂದ, ಜನತಾದಳದಿಂದ (ಜಾತ್ಯತೀತ), ಒಂದೇ ಹೆಸರಿನ ಇಬ್ಬರು ಮಹಿಳೆಯರು ನಿಂತಿದ್ದರು. ಶಿವಮೊಗ್ಗ ಗ್ರಾಮಾಂತರದಲ್ಲಿ ಶಾರದಾ ಪೂರ್ಯಾನಾಯ್ಕ. ಭದ್ರಾವತಿಯಲ್ಲಿ ಶಾರದಾ ಅಪ್ಪಾಜಿ. ಮೊದಲನೆಯವರು ಗೆದ್ದರು, ಎರಡನೆಯವರು ಸೋತರು. ಪಕ್ಷವೂ ಒಂದೇ, ದಿನವೂ ಒಂದೇ, ಹೆಸರೂ ಒಂದೇ, ಲಿಂಗವೂ ಒಂದೇ. ಫಲ ಮಾತ್ರ ಬೇರೆ. ಇಷ್ಟು ಸಾಲದೆಂಬುವರಿಗೆ ಇನ್ನೊಂದು ಹೇಳುತ್ತೇನೆ. ಶಾರದಾ ಪೂರ್ಯಾನಾಯ್ಕರು ೨೦೧೩ರಲ್ಲಿ ಅದೇ ಕ್ಷೇತ್ರದಲ್ಲಿ ಗೆದ್ದಿದ್ದರು, ೨೦೧೮ರಲ್ಲಿ ಸೋತಿದ್ದರು, ೨೦೨೩ರಲ್ಲಿ ಮತ್ತೆ ಗೆದ್ದರು. ಮೂರು ಸಲವೂ ಅವರು ಹೆಂಗಸೇ ಆಗಿದ್ದರಷ್ಟೆ! ಬದಲಾಗದ ಒಂದು ಸಂಗತಿಯಿಂದ ಬದಲಾಗುತ್ತಿರುವ ಇನ್ನೊಂದನ್ನು ವಿವರಿಸುವುದು ಹೇಗೆ?

ಭದ್ರಾವತಿಯದನ್ನು ಬಲ್ಲವರಿಗೆ ಅಲ್ಲಿನ ಕತೆ ಹೊಸದಲ್ಲ. ೧೯೯೪ರಿಂದ ೨೦೧೮ರವರೆಗೆ ಈ ಕ್ಷೇತ್ರವನ್ನು ಇಬ್ಬರೇ ಆಳಿದರು, ಎಂ. ಜೆ. ಅಪ್ಪಾಜಿಗೌಡರು ಮತ್ತು ಬಿ. ಕೆ. ಸಂಗಮೇಶ್ವರ ಅವರು. ಇಬ್ಬರೂ ಪಕ್ಷದ ಹಂಗಿಲ್ಲದೆ ಸ್ವತಂತ್ರರಾಗಿ ಗೆದ್ದು ತೋರಿಸಿದವರು. ಊರು ಎರಡು ಪಾಳಯವಾಗಿ ನಿಂತು ಮೂವತ್ತು ವರ್ಷಗಳಾಗುತ್ತ ಬಂದವು. ೨೦೨೦ರಲ್ಲಿ ಅಪ್ಪಾಜಿಗೌಡರು ತೀರಿಕೊಂಡರು. ಅವರ ಜಾಗದಲ್ಲಿ ಪತ್ನಿ ನಿಂತರು. ಮೂರು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಆ ಸೋಲನ್ನೂ, ಅಷ್ಟು ಹತ್ತಿರದ ಹೋರಾಟವನ್ನೂ ತಿಳಿಯಬೇಕಾದರೆ ಎರಡು ಪಾಳಯಗಳ ಬಲಾಬಲವನ್ನು ನೋಡಬೇಕು. ಅಭ್ಯರ್ಥಿ ಉಟ್ಟದ್ದು ಸೀರೆಯೋ ಪಂಚೆಯೋ ಎಂಬುದನ್ನು ನೋಡಿ ಪ್ರಯೋಜನವಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಹೆಂಗಸರ ಕನಿಕರ ಹರಿದುಬರುತ್ತದೆ ಎನ್ನುವವರು ೨೦೧೯ರ ಮಂಡ್ಯವನ್ನು ತೋರಿಸುತ್ತಾರೆ. ಸುಮಲತಾ ಅವರು ಅಲ್ಲಿ ಒಂದೂಕಾಲು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದದ್ದು ದಿಟ. ಆದರೆ ಅಂಬರೀಶರ ಅಭಿಮಾನಿಗಳು, ರೈತಸಂಘ, ಭಾರತೀಯ ಜನತಾ ಪಕ್ಷದ ಬೆಂಬಲ, ಮುಖ್ಯಮಂತ್ರಿಯ ಮಗನನ್ನು ತಂದು ನಿಲ್ಲಿಸಿದರೆಂಬ ಅಸಮಾಧಾನ, ಇವನ್ನೆಲ್ಲ ಬದಿಗಿಟ್ಟು ಕುಂಕುಮವೊಂದನ್ನೇ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ? ಕನಿಕರ ಮಂಡ್ಯದಲ್ಲಿ ಹರಿದು ಭದ್ರಾವತಿಯಲ್ಲಿ ಬತ್ತಿತೆ?

ಇಬ್ಬರೂ ಹೆಂಗಸರೇ ಎದುರಾದ ಕಡೆ ಏನಾಯಿತು? ೧೯೯೯ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರು ನಿಂತರು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿ ಜನರ ಮನಸ್ಸು ಗೆದ್ದರು, ಚುನಾವಣೆಯನ್ನು ಗೆಲ್ಲಲಿಲ್ಲ. ಮೊದಲ ಚುನಾವಣೆಯಿಂದಲೂ ಕಾಂಗ್ರೆಸ್ಸಿನ ಕೈಬಿಡದಿದ್ದ ಊರು ಅದು. ಐವತ್ತಾರು ಸಾವಿರದಷ್ಟು ಅಂತರದಿಂದ ಕಾಂಗ್ರೆಸ್ಸನ್ನೇ ಗೆಲ್ಲಿಸಿತು. ೨೦೨೪ರಲ್ಲಿ ನಮ್ಮ ನೆರೆಯ ದಾವಣಗೆರೆಯಲ್ಲಿ ಪ್ರಭಾ ಮಲ್ಲಿಕಾರ್ಜುನ್ ಅವರು ಗಾಯತ್ರಿ ಸಿದ್ದೇಶ್ವರ ಅವರನ್ನು ಸೋಲಿಸಿದರು. ಅಲ್ಲಿ ಸೆಣಸಿದ್ದು ಎರಡು ಮನೆತನಗಳು, ಎರಡು ಪಕ್ಷಗಳು. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಆರು ಮಂದಿ ಮಹಿಳೆಯರಿಗೆ ಟಿಕೆಟ್ ಕೊಟ್ಟಿತು, ಇಬ್ಬರು ಗೆದ್ದರು. ಇಪ್ಪತ್ತೆರಡು ಮಂದಿ ಗಂಡಸರಿಗೆ ಕೊಟ್ಟಿತು; ಏಳು ಮಂದಿ ಗೆದ್ದರು. ಅಲ್ಲಿಯೂ ಮೂರರಲ್ಲೊಂದು, ಇಲ್ಲಿಯೂ ಹೆಚ್ಚುಕಡಮೆ ಮೂರರಲ್ಲೊಂದು. ಪಕ್ಷಕ್ಕೆ ರಾಜ್ಯದಲ್ಲಿ ಎಷ್ಟು ಬಲವಿದ್ದಿತೋ ಅಷ್ಟು ಫಲ. ಗಂಡೆಂದು ಒಂದು ಮತ ಹೆಚ್ಚಾಗಲಿಲ್ಲ, ಹೆಣ್ಣೆಂದು ಒಂದು ಮತ ಕಡಿಮೆಯಾಗಲಿಲ್ಲ ಎನ್ನುವಂತಿದೆ ಈ ಲೆಕ್ಕ.

ಇನ್ನು ಉಪ್ಪಿನ ಋಣದ ಮಾತು. ಉಪ್ಪುಂಡ ಮೇಲೆ ನಿಯತ್ತು ಬೇಡವೆ ಎನ್ನುತ್ತಾರೆ. ಯಾರ ಉಪ್ಪು ಸ್ವಾಮಿ? ಬೊಕ್ಕಸದ ಹಣ ಮಂತ್ರಿಗಳ ಮನೆಯ ಕಣಜದಿಂದ ಬಂದದ್ದಲ್ಲ. ಸಾಬೂನಿಗೂ ಎಣ್ಣೆಗೂ ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಡುವ ಹೆಂಗಸಿಗೆ ಅವಳದೇ ಹಣದಲ್ಲಿ ಒಂದು ಪಾಲು ಹಿಂದಿರುಗಿತು, ಅಷ್ಟೆ. ಗೃಹಲಕ್ಷ್ಮಿ ೨೦೨೩ರ ಆಗಸ್ಟಿನಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ನಿರುದ್ಯೋಗಿ ತರುಣರಿಗೆ ಭತ್ಯೆ ಕೊಡುವ ಯುವನಿಧಿ ೨೦೨೪ರ ಜನವರಿಯಲ್ಲಿ ನಮ್ಮ ಶಿವಮೊಗ್ಗದಲ್ಲಿಯೇ ಆರಂಭವಾಯಿತು. ನಾಲ್ಕು ತಿಂಗಳ ಮೇಲೆ ಅದೇ ಶಿವಮೊಗ್ಗದಲ್ಲಿ ಆಳುವ ಪಕ್ಷ ಸೋತಿತು. ಭತ್ಯೆ ಪಡೆದ ತರುಣರನ್ನು ಯಾರಾದರೂ ಕೃತಘ್ನರೆಂದು ಬೈದದ್ದನ್ನು ಕೇಳಿದ್ದೀರಾ? ಕರೆಂಟು ಬಿಲ್ಲು ಮನ್ನಾ ಆದಾಗ ಬೆಳಕು ಗಂಡಸರ ಕೋಣೆಗೂ ಬಂದಿತಷ್ಟೆ. ಅವರ ಋಣವೆಲ್ಲಿ? ಕೃತಜ್ಞತೆಯ ಸಾಲವನ್ನು ಹೆಂಗಸರ ಹೆಸರಿಗೆ ಮಾತ್ರ ಬರೆದುಕೊಳ್ಳುವ ಈ ಲೆಕ್ಕದ ಪುಸ್ತಕ ಬಲು ವಿಚಿತ್ರವಾದದ್ದು.

ಹಣ ಕೊಟ್ಟರೆ ಹೆಂಗಸರ ಓಟು ಬಂದೇ ಬರುತ್ತದೆ ಎಂಬುದಕ್ಕೆ ಬೇರೆ ರಾಜ್ಯಗಳ ಸಾಕ್ಷಿಯೂ ಇಲ್ಲ. ೨೦೨೩ರ ಕೊನೆಯಲ್ಲಿ ಮಧ್ಯಪ್ರದೇಶದಲ್ಲಿ ಹೆಂಗಸರ ಖಾತೆಗೆ ಹಣ ಹಾಕಿದ ಸರಕಾರ ಗೆದ್ದಿತು. ಅದೇ ದಿನ ರಾಜಸ್ಥಾನದಲ್ಲಿ ಹೆಂಗಸರಿಗೆ ಮೊಬೈಲ್ ಫೋನ್ ಹಂಚಿದ ಸರಕಾರ ಸೋತಿತು. ಆಂಧ್ರದಲ್ಲಿ ಜಗನ್ಮೋಹನ ರೆಡ್ಡಿಯವರ ಸರಕಾರ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರ ಖಾತೆಗೇ ವರ್ಷಕ್ಕೆ ಹದಿನೈದು ಸಾವಿರದ ಯೋಜನೆ ಮಾಡಿತ್ತು. ೨೦೨೪ರಲ್ಲಿ ಅವರ ಪಕ್ಷಕ್ಕೆ ೧೭೫ರಲ್ಲಿ ೧೧ ಸ್ಥಾನ ಉಳಿದವು. ಬಿಹಾರದಲ್ಲಿ ೨೦೨೫ರಲ್ಲಿ ಹತ್ತು ಸಾವಿರ ಕೊಟ್ಟ ಸರಕಾರ ಗೆದ್ದಿತು. ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಮತಗಟ್ಟೆಗೆ ಬಂದರು. ನಮ್ಮ ಪಂಡಿತರು ಕೂಡಲೇ ಬಿಹಾರವನ್ನು ಹಿಡಿದುಕೊಂಡರು, ಆಂಧ್ರವನ್ನು ಮರೆತರು. ಬಿಹಾರದ ಲಕ್ಷಾಂತರ ಗಂಡಸರು ದುಡಿಮೆಗಾಗಿ ಪರರಾಜ್ಯಗಳಲ್ಲಿದ್ದಾರೆ, ಮನೆಯಲ್ಲಿ ಉಳಿದವರು ಓಟು ಹಾಕಿದರು ಎಂಬ ಸಾಮಾನ್ಯ ಸಂಗತಿಯೂ ಅವರಿಗೆ ನೆನಪಾಗಲಿಲ್ಲ.

ನಮ್ಮ ಬೀದಿಗೆ ಸೊಪ್ಪು ಮಾರಲು ಬರುವ ಹೆಂಗಸೊಬ್ಬರನ್ನು ಒಮ್ಮೆ ನಾನು ತಮಾಷೆಗೆ, “ಏನಮ್ಮ, ಎರಡು ಸಾವಿರ ತಗೊಂಡು ಓಟು ಯಾರಿಗೆ ಹಾಕಿದೆ?” ಎಂದು ಕೇಳಿದೆ. ಆಕೆ ಸೊಪ್ಪಿನ ಕಟ್ಟು ಕೊಡವುತ್ತ, “ದುಡ್ಡಿಗೆ ದುಡ್ಡಿನ ಲೆಕ್ಕ, ಓಟಿಗೆ ಓಟಿನ ಲೆಕ್ಕ ಕಣಪ್ಪ. ನಿಮಗೂ ಸಂಬಳ ಕೊಡೋದು ಸರ್ಕಾರನೇ ಅಲ್ವಾ? ನೀವು ಯಾರಿಗೆ ಹಾಕಿದ್ರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ಸರಕಾರಗಳಿಂದ ಸಂಬಳ ಪಡೆದಿದ್ದೇನೆ. ಆ ನಾಲ್ಕರಲ್ಲಿ ಎರಡಕ್ಕೆ ನಾನು ಓಟು ಹಾಕಿರಲಿಲ್ಲ. ನನ್ನನ್ನು ಯಾರೂ ದ್ರೋಹಿ ಎನ್ನಲಿಲ್ಲ.

ಇಲ್ಲಿಗೆ ಮಾತಿನ ಬೇರು ಸಿಕ್ಕಿತೆಂದು ನನ್ನ ಭಾವನೆ. ಗಂಡಸು ಓಟು ಹಾಕಿದರೆ ಅದಕ್ಕೆ ಕಾರಣ ಹುಡುಕುತ್ತೇವೆ. ಅವನು ಕಾರ್ಮಿಕ, ರೈತ, ವ್ಯಾಪಾರಿ, ಲಿಂಗಾಯತ, ಈಡಿಗ, ಮುಸಲ್ಮಾನ, ಪದವೀಧರ, ನಿರುದ್ಯೋಗಿ. ಅವನ ಸಿಟ್ಟಿಗೆ ಹಿನ್ನೆಲೆಯುಂಟು, ಅವನ ಆಸೆಗೆ ಲೆಕ್ಕವುಂಟು. ಹೆಂಗಸು ಓಟು ಹಾಕಿದರೆ ಅವಳು ಹೆಂಗಸು, ಅಷ್ಟೆ. ಅಲ್ಲಿಗೆ ವಿವರಣೆ ಮುಗಿಯಿತು. ರಾಘವೇಂದ್ರ ಅವರು ಒಬ್ಬ ಮಾಜಿ ಮುಖ್ಯಮಂತ್ರಿಯ ಮಗ, ಗೀತಾ ಅವರು ಇನ್ನೊಬ್ಬ ಮಾಜಿ ಮುಖ್ಯಮಂತ್ರಿಯ ಮಗಳು. ರಾಘವೇಂದ್ರ ಅವರು ಗಂಡಸಾದುದರಿಂದ ಗಂಡಸರೆಲ್ಲ ಅವರಿಗೆ ಓಟು ಹಾಕಿದರು ಎಂದು ಒಬ್ಬನೇ ಒಬ್ಬ ವಿಮರ್ಶಕ ಬರೆದದ್ದುಂಟೆ?

ನ್ಯೂ ಟೌನಿನಲ್ಲಿ ಬೆಳೆದವನಿಗೆ ಇದು ಕಣ್ಣಿಗೆ ರಾಚುತ್ತದೆ. ೧೯೧೮ರಲ್ಲಿ ಭದ್ರಾ ನದಿಯ ದಂಡೆಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗದಿದ್ದರೆ ಈ ಊರಿಗೆ ಈ ಮೈಕಟ್ಟು ಬರುತ್ತಿರಲಿಲ್ಲ. ಸಾಲು ಸಾಲು ಕ್ವಾರ್ಟರ್ಸು, ಸೈರನ್ನಿಗೆ ಸರಿಯಾಗಿ ಏಳುವ ಮಲಗುವ ಮನೆಗಳು. ಕಾಗದದ ಕಾರ್ಖಾನೆ ೨೦೧೫ರಲ್ಲಿ ಉತ್ಪಾದನೆ ನಿಲ್ಲಿಸಿತು. ೨೦೨೩ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಆ ಬಿಸಿಲಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಂಗಸರೂ ಕುಳಿತಿದ್ದನ್ನು ನಾನು ಕಂಡಿದ್ದೇನೆ. ನಾಲ್ಕು ತಿಂಗಳಲ್ಲಿ ಚುನಾವಣೆ ಬಂದಿತು. ಒಂದೇ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಹೋಗಿ ಓಟು ಹಾಕಿ ಬಂದರು. ಗಂಡನ ಓಟಿಗೆ ಪತ್ರಿಕೆಗಳು ‘ಕಾರ್ಮಿಕರ ಮತ’ ಎಂದವು. ಹೆಂಡತಿಯದಕ್ಕೆ ‘ಮಹಿಳೆಯರ ಮತ’ ಎಂದವು. ಮುಚ್ಚಿಹೋಗಲಿದ್ದ ಕಾರ್ಖಾನೆ ಅವಳ ಅನ್ನವನ್ನೂ ಬೇಯಿಸುತ್ತಿರಲಿಲ್ಲವೆ? ಆ ಸಂಬಳದಲ್ಲಿ ಶಾಲೆಯ ಫೀಜು, ಮನೆಯ ದಿನಸಿ, ಅತ್ತೆಯ ಔಷಧಿ ಎಂದು ಪಾಲು ಹಾಕುತ್ತಿದ್ದವಳು ಅವಳೇ. ಕಾರ್ಖಾನೆ ಮುಚ್ಚಿದರೆ ಏನಾಗುತ್ತದೆಂಬುದು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತು?

ಇಲ್ಲಿ ನನ್ನ ವಾದಕ್ಕೆ ಒಂದು ನ್ಯಾಯವಾದ ಆಕ್ಷೇಪವುಂಟು. ಹಾಗಾದರೆ ಹೆಣ್ಣು ಗಂಡೆಂಬ ಭೇದ ಚುನಾವಣೆಯಲ್ಲಿ ಏನೂ ಅಲ್ಲವೆ? ಅಲ್ಲವೆಂದು ನಾನು ಹೇಳಲಾರೆ. ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು ೨೮ ಲಕ್ಷ ಹೆಂಗಸರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ಕಾರಣ, ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದರೇ ಹೊರತು ತಮ್ಮ ಹೆಸರು ಹೇಳಿರಲಿಲ್ಲ. ಅಂದಿನ ಚುನಾವಣಾ ಕಮಿಷನರ್ ಸುಕುಮಾರ ಸೇನರು ಹೆಸರಿಲ್ಲದವರನ್ನು ಪಟ್ಟಿಯಲ್ಲಿಡಲು ಒಪ್ಪಲಿಲ್ಲ. ೧೯೬೨ರಲ್ಲಿ ನೂರಕ್ಕೆ ಸುಮಾರು ೬೩ ಗಂಡಸರು ಓಟು ಹಾಕಿದರೆ ಹೆಂಗಸರು ೪೭ರಷ್ಟು ಮಾತ್ರ. ಲೋಕಸಭೆಗೆ ಓಟು ಹಾಕುವುದರಲ್ಲಿ ಹೆಂಗಸರು ಗಂಡಸರನ್ನು ಕೂದಲೆಳೆಯಷ್ಟು ದಾಟಿದ್ದು ೨೦೧೯ರಲ್ಲಿ. ಮತಗಟ್ಟೆಯ ದಾರಿ ಹೆಂಗಸಿಗೆ ಎಷ್ಟು ಉದ್ದವಾಗಿದ್ದಿತು ಎಂಬುದನ್ನು ಲಿಂಗಭೇದ ಖಂಡಿತವಾಗಿ ವಿವರಿಸುತ್ತದೆ. ಯಾರಿಗೆ ಟಿಕೆಟ್ ಸಿಕ್ಕುತ್ತದೆ, ಯಾರಿಗೆ ಸಿಕ್ಕುವುದಿಲ್ಲ ಎಂಬುದನ್ನೂ ವಿವರಿಸುತ್ತದೆ. ೨೦೨೩ರ ನಮ್ಮ ವಿಧಾನಸಭೆಗೆ ೨೨೪ರಲ್ಲಿ ಆರಿಸಿ ಬಂದ ಹೆಂಗಸರು ಹತ್ತು ಮಂದಿ. ಅದೇ ವರ್ಷ ಸಂಸತ್ತು ಮೂರರಲ್ಲೊಂದು ಪಾಲಿನ ಮೀಸಲಾತಿಯನ್ನು ಒಪ್ಪಿತು. ಒಪ್ಪುವಾಗಲೇ ಜನಗಣತಿ, ಕ್ಷೇತ್ರಗಳ ಮರುವಿಂಗಡಣೆ ಎಂದು ಎರಡು ಬೀಗ ಹಾಕಿತು. ಬಾಗಿಲ ಹೊರಗೆ ನಿಲ್ಲಿಸುವಾಗ ಲಿಂಗ ಬಹಳ ದೊಡ್ಡ ಸಂಗತಿ. ಆದರೆ ಒಳಗೆ ಹೋದ ಮೇಲೆ ಯಾವ ಗುಂಡಿ ಒತ್ತಿದರೆಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೂ ಒಂದೊಂದು ಸಲ ಹೆಂಗಸರು ಹೆಂಗಸರಾಗಿಯೇ ಉತ್ತರ ಕೊಟ್ಟದ್ದುಂಟು. ೧೯೯೨ರ ಸುಮಾರಿಗೆ ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಸಾರಾಯಿಯ ವಿರುದ್ಧ ಎದ್ದರು. ೧೯೯೪ರ ಚುನಾವಣೆಯಲ್ಲಿ ಎನ್. ಟಿ. ರಾಮರಾಯರು ಪಾನನಿಷೇಧದ ಮಾತು ಕೊಟ್ಟು ಗೆದ್ದರು. ಅಲ್ಲಿ ಪ್ರಶ್ನೆಯನ್ನು ಎತ್ತಿದವರು ಹೆಂಗಸರು, ಸಂಘಟಿತರಾದವರು ಹೆಂಗಸರು, ಪಕ್ಷ ಹಿಂದೆ ಬಂದಿತು. ನಮ್ಮಲ್ಲಿಯೂ ೨೦೧೯ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧವಾಗಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಮೂರು ತಿಂಗಳಲ್ಲಿ ಲೋಕಸಭಾ ಚುನಾವಣೆ ಬಂದಿತು. ಯಾವ ದೊಡ್ಡ ಪಕ್ಷವೂ ಅದನ್ನು ತನ್ನ ಮುಖ್ಯ ಮಾತನ್ನಾಗಿ ಮಾಡಿಕೊಳ್ಳಲಿಲ್ಲ. ಹೆಂಗಸರು ನಡೆದು ಬಂದು ಕೇಳಿದ್ದನ್ನು ಕೊಡಲಿಲ್ಲ. ಕೇಳದೆ ಕೊಟ್ಟದ್ದಕ್ಕೆ ಮಾತ್ರ ಋಣ ತೀರಿಸಿ ಎನ್ನುತ್ತಾರೆ. ಹೆಂಗಸರ ಮತ ಎಂಬುದೊಂದು ಎಂದಾದರೂ ಇದ್ದಿದ್ದರೆ ಅದು ಆ ರಸ್ತೆಯ ಮೇಲೆ ಇದ್ದಿತು, ಮತ್ತು ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಹೊರದೇಶಗಳಲ್ಲಿಯೂ ಈ ವಿಷಯ ಬಗೆಹರಿದಿಲ್ಲ. ೧೯೫೫ರಲ್ಲಿಯೇ ಫ್ರಾನ್ಸಿನ ಪಂಡಿತ ಮೊರಿಸ್ ಡ್ಯುವರ್ಜೆ ಯುನೆಸ್ಕೋ ಸಂಸ್ಥೆಗಾಗಿ ಇದನ್ನು ಪರಿಶೀಲಿಸಿ, ಹೆಂಗಸರ ಗಂಡಸರ ಮತಗಳಲ್ಲಿ ಅಂತರ ಅಲ್ಪವೆಂದು ಕಂಡುಕೊಂಡ. ಅಮೆರಿಕದಲ್ಲಿ ೧೯೮೦ರಿಂದ ಈಚೆಗೆ ಹೆಂಗಸರು ಗಂಡಸರಿಗಿಂತ ಡೆಮಾಕ್ರಟಿಕ್ ಪಕ್ಷದ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತಾರೆ ಎಂಬುದು ನಿಜ. ಆದರೆ ಅಲ್ಲಿನ ಕರಿಯ ಹೆಂಗಸರಿಗೂ ಬಿಳಿಯ ಹೆಂಗಸರಿಗೂ ಇರುವ ಅಂತರ ಹೆಂಗಸರಿಗೂ ಗಂಡಸರಿಗೂ ಇರುವ ಅಂತರಕ್ಕಿಂತ ಎಷ್ಟೋ ಪಾಲು ದೊಡ್ಡದು. ಜರ್ಮನಿಯಲ್ಲಿ ಆಯ್ದ ಕೆಲವು ಮತಗಟ್ಟೆಗಳಲ್ಲಿ ಮತಪತ್ರದ ಮೇಲೆಯೇ ಹೆಣ್ಣು ಗಂಡು, ವಯಸ್ಸಿನ ಗುಂಪು ಎಂಬ ಗುರುತು ಇರುತ್ತದೆ, ಹೆಸರಿರುವುದಿಲ್ಲ. ಆದುದರಿಂದ ಅವರು ಎಣಿಸಿ ಹೇಳಬಲ್ಲರು. ನಮ್ಮ ಮತಯಂತ್ರಕ್ಕೆ ಗುಂಡಿ ಒತ್ತಿದ ಬೆರಳಿನಲ್ಲಿ ಬಳೆಯ ಸದ್ದಿತ್ತೋ ಇಲ್ಲವೋ ತಿಳಿಯದು. ಇಷ್ಟು ಹೆಂಗಸರು ಬಂದರು, ಇಷ್ಟು ಗಂಡಸರು ಬಂದರು ಎಂದು ಮತಗಟ್ಟೆಯ ಅಧಿಕಾರಿ ಬರೆದಿಡುತ್ತಾರೆ. ಯಾರು ಯಾರಿಗೆ ಹಾಕಿದರೆಂಬುದು ದೇವರಿಗೇ ಗೊತ್ತು. ಉಳಿದದ್ದೆಲ್ಲ ಸಮೀಕ್ಷೆ, ಎಂದರೆ ಹೆಂಗಸು ಅಪರಿಚಿತನೊಬ್ಬನಿಗೆ ಬಾಗಿಲಲ್ಲಿ ನಿಂತು ಹೇ­ಳಿದ ಮಾತು. ಒಳಗೆ ಅವಳ ಗಂಡ ಕೇಳಿಸಿಕೊಳ್ಳುತ್ತಿರುವಾಗ ಹೇಳಿದ ಮಾತೂ ಆಗಿರಬಹುದು.

ನಾನು ಕನ್ನಡ ಪಾಠ ಹೇಳುವವನು. ನಮ್ಮ ಭಾಷೆಯಲ್ಲಿ ಒಬ್ಬ ಬಂದರೆ ‘ಬಂದನು’, ಒಬ್ಬಳು ಬಂದರೆ ‘ಬಂದಳು’. ಹತ್ತು ಜನ ಬಂದರೆ ಗಂಡಸರಾಗಲಿ ಹೆಂಗಸರಾಗಲಿ ‘ಬಂದರು’. ಮನುಷ್ಯರು ಹಲವರಾದಾಗ ಕನ್ನಡದ ಕ್ರಿಯಾಪದ ಹೆಣ್ಣು ಗಂಡೆಂದು ಕೇಳುವುದಿಲ್ಲ. ಚುನಾವಣೆಯೂ ಹಲವರ ಕ್ರಿಯೆಯೇ. ವಿದ್ಯಾರ್ಥಿಗಳಿಗೆ ಇದನ್ನು ಇಪ್ಪತ್ತು ವರ್ಷ ಹೇಳಿಕೊಟ್ಟವನು ಮನೆಯಲ್ಲಿ ಮಾತ್ರ ಕಲಿತಿರಲಿಲ್ಲ ಎಂಬುದನ್ನು ಒಪ್ಪಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.

ನಮ್ಮ ತಂದೆ ಕಾರ್ಖಾನೆಯಲ್ಲಿದ್ದವರು. ಚುನಾವಣೆಯ ದಿನ ಬೆಳಗ್ಗೆ ಚೀಟಿಗಳನ್ನು ಜೋಡಿಸಿ, ಯಾವ ಚಿಹ್ನೆಯೆಂದು ಅಮ್ಮನಿಗೆ ಹೇಳಿ, ಆಮೇಲೆ ಬೀದಿಯ ಕೊನೆಯಲ್ಲಿ ಮೇಜು ಹಾಕಿಕೊಂಡು ಕುಳಿತವರಿಗೆ, “ನಮ್ಮ ಮನೆಯದು ಇಷ್ಟು ಓಟು” ಎಂದು ಬೆರಳೆತ್ತಿ ತೋರಿಸುತ್ತಿದ್ದರು. ಅವರು ಹೋದ ಮೇಲೆ ೨೦೨೩ರ ಮೇ ಹತ್ತರಂದು ಅಮ್ಮನನ್ನು ಕರೆದುಕೊಂಡು ಹೊರಟ ನಾನೂ ಅದೇ ಬೀದಿಯ ಕೊನೆಯಲ್ಲಿ, ಅದೇ ಮೇಜಿನ ಮುಂದೆ, ಮೂರು ಬೆರಳು ಎತ್ತಿದೆ. ಸ್ವಲ್ಪ ದೂರ ನಡೆದ ಮೇಲೆ ಅಮ್ಮ, “ನನ್ನದನ್ನು ನೀನು ಹೇಗೆ ಎಣಿಸಿದೆಯೋ?” ಎಂದಳು.

“ಯಾಕಮ್ಮ, ನೀನು ಅಪ್ಪ ಹೇಳಿದ ಹಾಗೇ ಅಲ್ಲವೆ ಹಾಕುತ್ತಿದ್ದುದು?”

“ನಿಮ್ಮಪ್ಪನೂ ಹಾಗೇ ಅಂದುಕೊಂಡಿದ್ದರು” ಎಂದಳು ಅಮ್ಮ. ಬಿಸಿಲಿಗೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಸರತಿಯಲ್ಲಿ ಹೋಗಿ ನಿಂತಳು. ಅದಕ್ಕಿಂತ ಹೆಚ್ಚಿಗೆ ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ. ಅಪ್ಪ ಹೇಳಿದ ಚಿಹ್ನೆಗೇ ಅಷ್ಟು ವರ್ಷವೂ ಹಾಕಿರಬಹುದು, ಹಾಕದೆಯೂ ಇರಬಹುದು. ಒಂದೇ ಸೂರಿನಡಿ ನಲವತ್ತು ವರ್ಷ ಅವಳ ಕೈಯೂಟ ಉಂಡವನಿಗೆ ಅವಳ ಒಂದು ಮತ ಯಾರಿಗೆ ಬಿತ್ತೆಂಬುದು ಗೊತ್ತಿಲ್ಲ. ಕಾಫಿ ಹೋಟೆಲಿನ ನನ್ನ ಮಿತ್ರರಿಗೆ ಜಿಲ್ಲೆಯ ಏಳು ಲಕ್ಷ ಹೆಂಗಸರದು ಗೊತ್ತಿದೆ. ಅವರನ್ನು ನಾನು ಕೇಳಿಕೊಳ್ಳುವುದು ಒಂದೇ: ಮುಂದಿನ ಚುನಾವಣೆಯ ಫಲಿತಾಂಶ ಬಂದ ಸಂಜೆ ಹೆಂಗಸರನ್ನು ಹೊಗಳುವ ಮೊದಲು, ಅಥವಾ ಬೈಯುವ ಮೊದಲು, ಮನೆಗೆ ಹೋಗಿ ತಮ್ಮ ತಾಯಿಯನ್ನೋ ಹೆಂಡತಿಯನ್ನೋ ಒಂದು ಮಾತು ಕೇಳಲಿ. ಅವರು ಹೇಳದಿದ್ದರೆ ಕಾಫಿ ಕುಡಿದು ಸುಮ್ಮನಿರಲಿ.